ಹೆಜ್ಜೆ ಓದುವ ಹೂಶಾನನ ಸೀಟು

ನಮ್ಮ ಸಮಾವಾ ಮರುಭೂಮಿಯಲ್ಲಿ ಮರಳಿನ ಮೇಲಿನ ಹೆಜ್ಜೆ ಓದುವುದರಲ್ಲಿ ಹೂಶಾನನನ್ನು ಮೀರಿಸಿದವರಿಲ್ಲ. ಒಂಟೆಯ ಹೆಜ್ಜೆ ಕಂಡರೆ ಅದರ ವಯಸ್ಸಷ್ಟೇ ಅಲ್ಲ, ಅದರ ಒಡೆಯ ಅಂದು ಬೆಳಿಗ್ಗೆ ಹೆಂಡತಿಯಿಂದ ಬೈಸಿಕೊಂಡಿದ್ದನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದ. ಪಳಗಿಸಿದ ಡೇಗೆ ಹಕ್ಕಿಯನ್ನು ಬಿಟ್ಟು ಹುಬಾರಾ ಹಕ್ಕಿ ಹಿಡಿಯುವ ನಮ್ಮ ತಂಡದಲ್ಲಿ ನಲವತ್ತು ವರ್ಷ ಗಾಡಿಯ ಮುಂದಿನ ಸೀಟು ಅವನದೇ. ಹೆಜ್ಜೆಗಾರನಿಗೆ ಮುಂದಿನ ಸೀಟು, ಅದು ಪದ್ಧತಿ. ಆಗೆಲ್ಲ ಸುಹೈಲ್ ನಕ್ಷತ್ರ ಮೂಡಿ ಗಾಳಿ ತಣ್ಣಗಾದ ಮೇಲೆ ಬೇಟೆಯ ಕಾಲ. ಈಗ ಪಾಪ, ನಕ್ಷತ್ರಕ್ಕೆ ಕೆಲಸವಿಲ್ಲ. ಫೋನಿನೊಳಗಿನ ಕ್ಯಾಲೆಂಡರು ಟಿಣ್ ಎಂದರೆ ಚಳಿಗಾಲ ಬಂತು. ಬೆವರು ಇಳಿಯುತ್ತಿದ್ದರೂ ಕಂಬಳಿ ಹೊದೆಯಬೇಕು.

ಕಳೆದ ಸಲ ಹೂಶಾನನ ತಂಗಿಯ ಮಗ ಫಲಾಹ್ ಡ್ರೋನ್ ತಂದ. ಅದರ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಸುಗೂಸಿಗೆ ಕಟ್ಟುವಂತೆ ಬೆಲ್ಟ್ ಕಟ್ಟಿದ.

"ಮಾವ, ನೀನು ಹಿಂದೆ ಕೂತ್ಕೋ. ಊಟಕ್ಕೆ ತಂದಿರೋ ಕುರಿ ಪಕ್ಕ ಜಾಗ ಇದೆ."

"ಕುರಿಗೆ ಇಕ್ಕಟ್ಟಾಗಲ್ವೇನಪ್ಪಾ?" ಎಂದ ಹೂಶಾನ್.

"ಇದು ಒಂದು ಹಕ್ಕಿ ತೋರಿಸ್ಲಿ, ಈ ಸೀಟು ಇದಕ್ಕೇ ಖಾಯಂ. ನೀನು ಡೇರೆಲಿ ಕಾಫಿ ಕುಟ್ಕೊಂಡು ಆರಾಮಾಗಿರು."

ಹುಬಾರಾ ಮರಳಿನ ಬಣ್ಣದ ಹಕ್ಕಿ. ತಲೆಯ ಮೇಲೆ ಹದ್ದು ಸುಳಿದರೆ ನೆಲಕ್ಕೆ ಅಂಟಿ ಕಲ್ಲಾಗಿಬಿಡುತ್ತದೆ. ಡ್ರೋನು ಅದಕ್ಕೆ ಹದ್ದಿನ ಮುತ್ತಜ್ಜನಂತೆ ಕಂಡಿರಬೇಕು. ಮೂರು ದಿನದಲ್ಲಿ ಫಲಾಹ್ ಎರಡು ಸಾವಿರ ಕಲ್ಲುಗಳ ಸುಂದರ ಚಿತ್ರ ತೆಗೆದ. ನಾಲ್ಕನೆಯ ದಿನ ಹಿಂದಿನ ಬಾಗಿಲು ತೆರೆದು ನಿಂತ.

"ಮಾವ, ಸ್ವಲ್ಪ ಇಳಿದು ನೋಡ್ತೀಯಾ?"

ಹೂಶಾನ್ ಇಳಿದ. ಅಲ್ಲಿ ಇಲ್ಲಿ ಅಲೆದು, ಮೂರು ಬೆರಳಿನ ಹೆಜ್ಜೆಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಹೆಣ್ಣು. ಬೆಳಗಿನ ನಮಾಜಾದ ಮೇಲೆ ಹೋಗಿದೆ. ಬೆನ್ನ ಮೇಲೆ ಏನೋ ಹೊತ್ತಿದೆ."

"ಸಂತೆಗೆ ಹೊರಟಿತ್ತಾ ಮಾವ? ಚೀಲದಲ್ಲಿ ಖರ್ಜೂರಾನಾ ಅಕ್ಕೀನಾ, ಅದನ್ನೂ ಹೇಳ್ಬಿಡು."

ಹೂಶಾನ್ ಹೆಜ್ಜೆಯ ಜಾಡು ಹಿಡಿದು ನಡೆದ. ಅವನ ಹಿಂದೆ ನಾವು, ನಮ್ಮ ಹಿಂದೆ ಗಾಡಿ. ಮಧ್ಯಾಹ್ನದ ಹೊತ್ತಿಗೆ ಪೊದೆಯೊಂದರ ಬುಡದಲ್ಲಿ ಹಕ್ಕಿ ಕಂಡಿತು. ಫಲಾಹ್ ಡೇಗೆಯನ್ನು ಬಿಡಲು ಅದರ ಕಣ್ಣು ಮುಚ್ಚಿದ್ದ ಟೋಪಿಗೆ ಕೈ ಹಾಕಿದ. ಹೂಶಾನ್ ಆ ಕೈ ಹಿಡಿದ.

"ಮೊದಲು ಬೆನ್ನು ನೋಡು."

ಹಕ್ಕಿಯ ಬೆನ್ನ ಮೇಲೆ ಬೆಂಕಿಪೆಟ್ಟಿಗೆಯಷ್ಟು ಯಂತ್ರ, ಅದಕ್ಕೊಂದು ತಂತಿ. ಹಕ್ಕಿ ಸಾಕಿ ಬಿಡುವ ಇಲಾಖೆಯವರು ಅದು ಎಲ್ಲಿ ಹೋಗುತ್ತದೆಂದು ತಿಳಿಯಲು ಕಟ್ಟಿದ್ದು. ಅದನ್ನು ಹೊಡೆದರೆ ಡೇಗೆಯೂ ಜಪ್ತಿ, ಗಾಡಿಯೂ ಜಪ್ತಿ. ಊಟಕ್ಕೆ ಎದ್ದ ಸರ್ಕಾರಿ ನೌಕರನ ಹಾಗೆ ಆ ಹಕ್ಕಿ ನಮ್ಮತ್ತ ನೋಡದೆ ನಿಧಾನವಾಗಿ ನಡೆದುಹೋಯಿತು.

"ಡ್ರೋನಿಗೂ ಗೊತ್ತಾಗ್ತಿತ್ತು ಮಾವ," ಎಂದ ಫಲಾಹ್, ಮೆಲ್ಲಗೆ.

"ಆಗ್ತಿತ್ತು ಬಿಡು. ಕಲ್ಲೊಂದು ಬೆಂಕಿಪೆಟ್ಟಿಗೆ ಹೊತ್ಕೊಂಡಿದೆ ಅಂತ."

ಈ ವರ್ಷ ಹೂಶಾನನಿಗಾಗಿ ಮೂರು ತಂಡಗಳು ಜಗಳವಾಡಿದವು. ಹಕ್ಕಿ ಸಿಗಲೆಂದಲ್ಲ, ಇಲಾಖೆಯ ಹಕ್ಕಿ ಸಿಗದಿರಲೆಂದು. ಕೊನೆಗೆ ಫಲಾಹನೇ ಗೆದ್ದು, ಅವನನ್ನು ಮುಂದೆ ಕೂರಿಸಿ, ತನ್ನ ಕೈಯಾರೆ ಬಾಗಿಲು ಹಾಕಿದ. ಹೂಶಾನ್ ದಿನವಿಡೀ ಕಿಟಕಿಯಿಂದ ಹೆಜ್ಜೆ ನೋಡುತ್ತಾನೆ, "ಇದೂ ಇಲಾಖೆಯದೇ, ಬೇಡ, ಮುಂದೆ ನಡಿ" ಎನ್ನುತ್ತಾನೆ. ಚಳಿಗಾಲ ಮುಗಿಯುತ್ತ ಬಂತು, ನಾವಿನ್ನೂ ಮುಂದೆ ನಡೆಯುತ್ತಲೇ ಇದ್ದೇವೆ.