ನಾಲ್ಕನೇ ಸೀಟು

ಮೂರು ಜನ ಕೂರುವ ಲೋಕಲ್ ಟ್ರೇನಿನ ಬೆಂಚಿನಲ್ಲಿ ನಾಲ್ಕನೆಯವಳಿಗೂ ಜಾಗ ಉಂಟು ಅಂತ ಕಂಡುಹಿಡಿದ ಮಹಾತಾಯಿ ಯಾರೋ ಗೊತ್ತಿಲ್ಲ, ಆದ್ರೆ ಅವಳಿಗೊಂದು ಗುಡಿ ಕಟ್ಟಬೇಕು ಮಾರಾಯ್ರೆ! ಇದನ್ನು ಹೇಳದೆ ತಡೆಯಲಿಕ್ಕಾಗದೆ, ಮೊಮ್ಮಗಳು ಕಲಿಸಿದ ಹೊಸ ವಿದ್ಯೆಯಿಂದ ಒಂದೇ ಬೆರಳಲ್ಲಿ ಫೋನು ಕುಟ್ತಾ ಇದ್ದೇನೆ. ನಿಧಾನ ಓದಿ, ನಾನೂ ನಿಧಾನವೇ.

ಸಂಗತಿ ಇಷ್ಟು. ಠಾಣೆ ಅನ್ನುವ ಊರಲ್ಲಿರುವ ನನ್ನ ತಂಗಿ ವಾರಿಜಳಿಗೆ ಹೃದಯದ ಆಪರೇಷನ್ ಅಂತಾಯ್ತು. ಅವಳು ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹಠ ಹಿಡಿದಳು, ಅಕ್ಕ ಬಂದು ಮುಖ ತೋರಿಸದೆ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂತ. "ಅಮ್ಮಾ, ಆದಿತ್ಯವಾರ ಕಾರಲ್ಲಿ ಕರ್ಕೊಂಡು ಹೋಗ್ತೇನೆ" ಅಂದ ನನ್ನ ಮಗ. ಆಪರೇಷನ್ ಬುಧವಾರ! ಮೇಲಿಂದ ಪೇಪರಿನವರು ದಿನಾ ಬೆಳಗ್ಗೆ ಯುದ್ಧ, ಬಾಂಬು, ಟ್ರೇನಿಂದ ಬಿದ್ದವರು ಅಂತ ಚಹಾದ ಜೊತೆ ಭಯ ಬಡಿಸ್ತಾರೆ. ಬುಧವಾರದ ಭಯವನ್ನೆಲ್ಲ ಪೂರ್ತಿ ಓದಿ, ಮಡಚಿ ರದ್ದಿಗೆ ಹಾಕಿ, ಮಗ ಸ್ನಾನಕ್ಕೆ ಹೋದ ಶುಭಮುಹೂರ್ತದಲ್ಲಿ ಹೊರಬಿದ್ದೆ. ಮಂಡಿ ಬದಲಿಸಿದ ಮೇಲೆ ಎರಡು ವರ್ಷದಿಂದ ಟ್ರೇನು ಹತ್ತಿದವಳೇ ಅಲ್ಲ ನಾನು.

ನಮ್ಮೂರು ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿಗೆ ನಾನು ಹತ್ತಿದ್ದಲ್ಲ, ಹಿಂದಿನವರು ಹತ್ತಿಸಿದ್ದು. ಬೆಂಚಿನ ಅಂಚಿನಲ್ಲಿದ್ದವಳು ನನ್ನ ಬೆಳ್ಳಿಕೂದಲು ನೋಡಿ, ಹೊಟ್ಟೆ ಒಳಗೆಳೆದುಕೊಂಡು, "ಬಸಾ ಆಜೀ", ಕೂತ್ಕೊಳ್ಳಿ ಅಜ್ಜಿ ಅಂತ ಸರಿದಳು. ನನ್ನ ದೇಹದ ಕಾಲುಭಾಗ ಸಿಂಹಾಸನಾರೂಢವಾಯ್ತು, ಮುಕ್ಕಾಲು ಭಾಗ ದೇವರ ಭರವಸೆಯಲ್ಲಿ ನೇತಾಡ್ತಿತ್ತು. ಕೂತು ಎರಡು ನಿಮಿಷ ಆಗಿಲ್ಲ, ಎದುರು ನಿಂತ ಟಿಫಿನ್ ಚೀಲದ ಹುಡುಗಿ, "ಆಜೀ, ಕುಠೇ ಉತರಣಾರ್?" ಎಲ್ಲಿ ಇಳಿತೀರಿ ಅಂತ. ಠಾಣೆ ಅಂದೆ. "ತುಮಚ್ಯಾ ನಂತರ ಮೀ!" ನಿಮ್ಮ ನಂತರ ನಾನು. ನೋಡಿ, ಕಾಲು ಸೀಟಿಗೂ ಉತ್ತರಾಧಿಕಾರಿಣಿ!

ಕಾಗದವಿಲ್ಲ, ಸಾಕ್ಷಿಯಿಲ್ಲ, ನನ್ನ ಒಂದು ಮಾತಿನ ಮೇಲೆ ಅವಳು ನಿರಾಳವಾಗಿ ನಿಂತಳು. ನಾನು ಠಾಣೆ ಮುಟ್ಟುತ್ತೇನೆ ಅಂತ ಹೆತ್ತ ಮಗನಿಗೂ ಇಲ್ಲದ ನಂಬಿಕೆ ಅವಳಿಗೆ! ಠಾಣೆಗೆ ಮೊದಲಿನ ಸ್ಟೇಷನ್ ಕಳವಾ ದಾಟಿದರೂ ನಾನು ಹಾಯಾಗಿ ಕೂತೇ ಇದ್ದೆ. ಅವಳೇ ಗದರಿದಳು, "ಆಜೀ, ಉಠಾ!" ತೋಳು ಹಿಡಿದೆಬ್ಬಿಸಿ "ಆಜೀ ಉತರ್ತಾಯತ್", ಅಜ್ಜಿ ಇಳೀತಾರೆ ಅಂತ ಕೂಗಿದ್ದೇ ತಡ, ಸೂಜಿಗೂ ಜಾಗವಿಲ್ಲದ ಡಬ್ಬಿಯಲ್ಲಿ ನನಗೆ ರಾಜಮಾರ್ಗ. ಅವಳಿಗೆ ಸೀಟಿನ ಸ್ವಾರ್ಥ ಇತ್ತು ಅನ್ನಿ. ಇರ್ಲಿ, ದೇವರು ಬರುವಾಗ ಸ್ವಲ್ಪ ಸ್ವಾರ್ಥವನ್ನೂ ತಂದ್ರೆ ನಮಗೇನು ನಷ್ಟ? ಅವಳ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ, ಅದಕ್ಕೇ ನಾನು ಬರೆಯೋದು.

ಆಸ್ಪತ್ರೆಯಲ್ಲಿ ನನ್ನನ್ನು ಕಂಡು ವಾರಿಜ ಬಾಯಿ ತೆರೆದವಳು ಮುಚ್ಚಲಿಲ್ಲ. "ಒಬ್ಬಳೇ ಬಂದ್ಯಾ? ಟ್ರೇನಲ್ಲಿ?"

"ಸ್ವಲ್ಪ ಸರಿ" ಅಂದೆ. ಸರಿದಳು, ಮಂಚದ ಅಂಚಿನಲ್ಲಿ ಕೂತೆ. ಅವಳು ಪೆನ್ನು ಹಿಡಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಸಹಿ ಹಾಕಿದಳು. ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನನ್ನ ಬಾಯಿಗೆ ಬಂದದ್ದು ಅದೇ:

"ಎಲ್ಲಿ ಇಳೀತಿ ಮಾರಾಯ್ತಿ?"

"ಡೊಂಬಿವಲಿ. ನಿನ್ನ ಮನೆ. ಸೀಟು ಹಿಡಿದಿಡು!"

ಹಿಡಿದಿಟ್ಟೆ. ನಮ್ಮ ಸೋಫಾದಲ್ಲಿ ಮೂರು ಜನಕ್ಕೆ ಜಾಗ. ನಿನ್ನೆ ವಾರಿಜ ಹೊಲಿಗೆ ನೋಯದ ಹಾಗೆ ಎದೆಗೊಂದು ದಿಂಬು ಅವಚಿಕೊಂಡು ಬಂದಳು. ಮಗ ಸರಿದ, ಸೊಸೆ ಸರಿದಳು, ಈಗ ನಾನು ನಾಲ್ಕನೆಯವಳಾಗಿ ಅಂಚಿನಲ್ಲಿ ಕೂತು ಕುಟ್ತಾ ಇದ್ದೇನೆ. ನನ್ನ ಮೂಲೆಯ ಮೇಲೆ ಕಣ್ಣಿಟ್ಟ ಮೊಮ್ಮಗಳು ಕೇಳ್ತಾಳೆ, "ಅಜ್ಜಿ, ಕಹಾಂ ಉತರೋಗೀ?"

"ಇಳಿಯೋದಾ? ಇಷ್ಟು ಬೇಗ ಎಲ್ಲಿಗೆ? ಸರೀತೇನೆ, ಬಾ ಕೂತ್ಕೊ."