ಒಬ್ಬರೇ ಸಿಸ್ಟರ್ ಇದ್ದ ಆಸ್ಪತ್ರೆ

ಅವ್ವನಿಗೆ ವಾಂತಿಭೇದಿ ಹತ್ತಿದಾಗ ಹೊಳೆನರಸೀಪುರದ ಕಡೆಯ ಸಣ್ಣ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಹೊಸ ಕಟ್ಟಡ, ಹೊಳೆಯುವ ನೆಲ, ಸಾಲು ಮಂಚ. ಮರೆತದ್ದು ನರ್ಸುಗಳನ್ನು ಮಾತ್ರ. ಇದ್ದೊಬ್ಬ ಸಿಸ್ಟರ್ ಅವ್ವನಿಗೆ ಡ್ರಿಪ್ ಹಾಕುವಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಬಂತು.

“ಬಾಟ್ಲಿ ಮುಗಿಯೋವಾಗ ಕೂಗಿ ಸಾ,” ಎಂದು ನನಗೆ ನರ್ಸ್ ಹುದ್ದೆ ದಯಪಾಲಿಸಿ ಓಡಿದರು.

ಬಾಟಲಿ ಮುಗಿಯುತ್ತಾ ಬಂತು. ಕೂಗಿದೆ. ಹೆರಿಗೆ ಇನ್ನೂ ಮುಗಿದಿರಲಿಲ್ಲ.

“ಆ ಪೈಪಿನ ಚಕ್ರ ತಿರುಗ್ಸಿ ನಿಲ್ಸಪ್ಪ. ನಂದೂ ನಾನೇ ನಿಲ್ಸ್ಕೊಂಡೆ ಕಣಪ್ಪ,” ಎಂದು ಪಕ್ಕದ ಮಂಚದ ಅಜ್ಜಿ ಪಾಠ ಹೇಳಿದರು.

ತಿರುಗಿಸಿದೆ, ಡ್ರಿಪ್ ನಿಂತಿತು. ಅವ್ವ ಚೇತರಿಸಿಕೊಂಡಳು. ಆಮೇಲೆ ಹಾಸನದಿಂದ ಬಂದ ಆರೋಗ್ಯ ಇಲಾಖೆಯ ಸಾಹೇಬರು ಆಸ್ಪತ್ರೆಯ ಸಾಧನೆ ಸಾಲದೆಂದು ಸಿಸ್ಟರನ್ನೇ ಗದರಿಸಿ, ಸುಧಾರಣೆಗೆಂದು ಅವರನ್ನು ಹಾಸನಕ್ಕೆ ತರಬೇತಿಗೆ ಕರೆಸಿಕೊಂಡರು. ಸಿಸ್ಟರ್ ಹೋದ ದಿನ ಬಂದ ರೋಗಿಗಳನ್ನೆಲ್ಲ ವಾಚ್‌ಮನ್ ಗೇಟಿನಲ್ಲೇ ತಡೆದು ಅರಕಲಗೂಡಿನ ಆಸ್ಪತ್ರೆಗೆಂದು ಬಸ್ಸು ಹತ್ತಿಸಿದ.