ಮೊದಲ ಬಸ್ಸಿನ ಗಿರಾಕಿ

ಆ ಗೊನೆಗೆ ನಾನು ಒಂಬೈನೂರು ರೂಪಾಯಿ ಕೊಟ್ಟೆ. ಕಮಲಾಪುರದ ಕೆಂಪು ಬಾಳೆಯ ಗೊನೆ. ಗಾತ್ರಕ್ಕೆ ಏಳುನೂರು ಸಾಕಿತ್ತು, ನಾನು ಬಾಯಿ ಬಿಟ್ಟಿದ್ದರೆ ಆರುನೂರಕ್ಕೆ ಇಳಿಯುತ್ತಿತ್ತು. ಬಿಡಲಿಲ್ಲ. ಮಾರುವ ಮುದುಕ, ನಾವೆಲ್ಲ ಮುತ್ಯಾ ಎಂದು ಕರೆಯುವವರು, ಹೇಳಿದಷ್ಟನ್ನೇ ಎಣಿಸಿ ಕೈಗಿಟ್ಟೆ. ಅವರಿಂದ ನನಗೆ ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು: ನನ್ನನ್ನು ಬಿಟ್ಟು ಆಕೆಯನ್ನು ಯಾಕೆ ಆರಿಸಿದಿರಿ?

ಕಲಬುರಗಿಯ ರೋಜಾ ಬಡಾವಣೆಯಲ್ಲಿ ತಳ್ಳುಗಾಡಿಯಿಂದ ಶುರುಮಾಡಿದವನು ನಾನು. ಈಗ ಎರಡು ಹಣ್ಣಿನ ಅಂಗಡಿಗಳಿವೆ. ಅಲ್ಲಿನ ಹಣ್ಣಿನ ವ್ಯಾಪಾರಿಗಳಿಗೆ ನಾನೇ ಮುಖಂಡ. ಗಾಡಿ ಎತ್ತಿರಿ ಎಂದು ಯಾರಾದರೂ ಬಂದರೆ ಮಾತಾಡಲು ನನ್ನನ್ನೇ ಮುಂದೆ ಮಾಡುತ್ತಾರೆ. ಚೌಕಾಸಿ ಬಲ್ಲವನೇ ಮುಖಂಡ ಎಂದು ನಂಬಿಕೊಂಡಿದ್ದೆ. ಹೀಗಿರುವಾಗ ಕಮಲಾಪುರದಿಂದ ಸುದ್ದಿ ಬಂತು. ರಸ್ತೆ ಅಗಲ ಮಾಡುತ್ತಾರಂತೆ, ಬಸ್ ನಿಲ್ದಾಣದ ಎದುರು ಬಾಳೆಹಣ್ಣು ಮಾರುವ ಮೂವತ್ತು ಮಂದಿಯನ್ನು ಊರಾಚೆಯ ಬಯಲಿಗೆ ಕಳಿಸುತ್ತಾರಂತೆ. ಬಸ್ಸೇ ನಿಲ್ಲದ ಕಡೆ ಯಾರು ಇಳಿದು ಹಣ್ಣು ಕೊಳ್ಳುತ್ತಾರೆ? ಮೂವತ್ತು ಮನೆಗಳ ಒಲೆ ಆರುವ ಮಾತು ಅದು. ನಾನು ವರ್ಷಗಳಿಂದ ಅವರ ಗಿರಾಕಿ. ಹೋಗಿ, ನಿಮ್ಮ ಪರವಾಗಿ ನಾನೇ ಮಾತಾಡುತ್ತೇನೆ ಎಂದೆ. ಅವರು ಚಹಾ ಕುಡಿಸಿದರು, ತಲೆಯಾಡಿಸಿದರು, ಮರುದಿನ ಕೂಡಿ ಕೂತು ಅಕ್ಕನನ್ನು ಆರಿಸಿದರು.

ಅಕ್ಕ ಎಂದರೆ ಅವರಲ್ಲೇ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸು. ವಯಸ್ಸಾದವರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಾರೆ. ಚೌಕಾಸಿ ಬಾರದು. ಒಂದು ಬೆಲೆ ಹೇಳುತ್ತಾಳೆ. ನೀವು ಕಡಿಮೆ ಕೇಳಿದರೆ ಬುಟ್ಟಿಯ ಮೇಲೆ ಗೋಣಿತಟ್ಟು ಎಳೆದು ಬೇರೆ ಕಡೆ ನೋಡುತ್ತಾಳೆ. ಇಂಥವಳು ಜಾಗ ಖಾಲಿ ಮಾಡಿಸುವ ಸಾಹೇಬರ ಎದುರು ಏನು ಮಾತಾಡಿಯಾಳು? ಎರಡು ದಿನ ಮನೆಯಲ್ಲಿ ಇದನ್ನೇ ಗೊಣಗಿದೆ. ಹೆಂಡತಿ ರೊಟ್ಟಿ ತಟ್ಟುತ್ತಲೇ ಅಂದಳು: "ಇಲ್ಲಿ ಕುಂತು ನನಗ ಕೇಳಿದ್ರ ಏನ್ ಬಂತ್ರಿ? ಅವರಿಗೇ ಹೋಗಿ ಕೇಳ್ರಿ. ಹೆಂಗೂ ಮೊದಲನೇ ಬಸ್ಸಿಗೆ ಹೋಗೋರೇ ಅದೀರಿ. ನನ್ನ ನೋಡಾಕ ಬಂದಾಗೂ ಮೊದಲನೇ ಬಸ್ಸಿಗೇ ಬಂದಿದ್ರಿ, ನಮ್ಮವ್ವ ಇನ್ನಾ ಅಂಗಳ ಕಸ ಹೊಡಿಯಾಕತ್ತಿದ್ಳು."

ಹೀಗೆ ಕಮಲಾಪುರದಲ್ಲಿ ಆ ಒಂಬೈನೂರು ಖರ್ಚಾಯಿತು. ಮುತ್ಯಾ ನೋಟುಗಳನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿದರು.

"ಮೈಯಾಗ ಆರಾಮ ಅದೀರಿಲ್ರಿ ಸಾವ್ಕಾರ್ರ? ಹೇಳಿದಷ್ಟಾ ಕೊಟ್ಟೀರಿ?"

"ಆರಾಮ ಅದೀನಿ ಮುತ್ಯಾ. ಒಂದ್ ಮಾತ ಖರೆ ಹೇಳ್ರಿ. ನಿಮಗ ನಾ ಯಾಕ ಬ್ಯಾಡಾದೆ?"

ಮುತ್ಯಾ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಂಡರು. "ನೀವು ಮೊದಲನೇ ಬಸ್ಸಿಗೇ ಯಾಕ ಬರ್ತೀರಿ ಅಂಬೋದು ನಮಗ ಗೊತ್ತಿಲ್ಲಂತ ತಿಳದೀರೇನು?"

ನನ್ನ ಕಿವಿ ಬಿಸಿಯಾಯಿತು. ಅದು ನನ್ನ ವ್ಯಾಪಾರದ ಗುಟ್ಟು, ಯಾರಿಗೂ ಹೇಳಿದವನಲ್ಲ. ದಿನದ ಮೊದಲ ಮಾರಾಟ ಬೋಣಿ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವೆಲ್ಲ ಕೆಡುತ್ತದೆ ಎಂಬ ಅಂಜಿಕೆ ಅವರಿಗಿದೆ. ಹಾಗಾಗಿ ಎಲ್ಲರಿಗಿಂತ ಮೊದಲು ಹೋಗಿ, ಬೆಲೆ ಕೇಳಿ, ಅರ್ಧಕ್ಕೆ ಕೇಳಿ, ಎದ್ದು ಹೊರಟಂತೆ ನಟಿಸುತ್ತಿದ್ದೆ. ಹಿಂದಿನಿಂದ ಕರೆದು ನಾನು ಕೇಳಿದ ಬೆಲೆಗೇ ಕೊಡುತ್ತಿದ್ದರು.

"ನಾವು ಬೈಕೋತ ಕೊಡ್ತಿದ್ವಿ," ಎಂದರು ಮುತ್ಯಾ. "ಎರಡು ವರ್ಷದ ಹಿಂದ ಒಂದಿನ ಅಕ್ಕ ಅಂದ್ಳು, ಸಾವ್ಕಾರ ಇಳಿಯೋಕಿಂತ ಮೊದಲ ನಿಮ್ಮೆಲ್ಲರ ಬೋಣಿ ನಾನೇ ಮಾಡ್ತೀನಿ. ದಿನಾ ಮುಂಜಾನಿ ಒಬ್ಬೊಬ್ಬರ ಬುಟ್ಟಿಗೆ ಬರ್ತಾಳ. ಹತ್ತು ರೂಪಾಯಿ ಕೊಟ್ಟು ಒಂದ್ ಹಣ್ಣ ತಗೋತಾಳ. ಆಮ್ಯಾಲ ನಾವು ಅದಾ ಹತ್ತು ರೂಪಾಯಿ ಕೊಟ್ಟು ಆಕಿ ಬುಟ್ಟ್ಯಾಗಿಂದು ಒಂದ್ ತಗೋತೀವಿ. ರೊಕ್ಕ ವಾಪಸ್, ಹಣ್ಣಿಗೆ ಹಣ್ಣು. ನೀವು ಬಂದು ಎದ್ದು ಹೊಂಟ್ರ, ಹೋಗ್ಲಿ ಬಿಡು ಅಂತ ಕುಂತಿರ್ತೀವಿ."

ಸಿಟ್ಟು ಬರಬೇಕಿತ್ತು; ನಗು ಬಂತು. ಎರಡು ವರ್ಷದಿಂದ ಬೆಲೆ ಏರಿದ್ದಕ್ಕೆ ನಾನು ಮಳೆಯನ್ನು ಬೈಯುತ್ತಿದ್ದೆ! ಆಮೇಲೆ ಯೋಚನೆ ಹತ್ತಿತು. ಮೂವತ್ತು ಮಂದಿ ಒಬ್ಬಳ ಮಾತು ಕೇಳಿ ನಡೆಯಲು ಕಲಿತದ್ದು ನನ್ನ ಕಾಟಕ್ಕೆ. ಸುಮ್ಮನೆ ಬುಟ್ಟಿ ಹಿಂದೆ ಕೂತಿದ್ದ ಹೆಂಗಸನ್ನು ಮುಖಂಡೆಯನ್ನಾಗಿ ಮಾಡಿದವನು ನಾನೇ. ಹಾಗಾದರೆ ರೋಜಾದ ಮುಖಂಡ ಎನಿಸಿಕೊಂಡ ನನ್ನನ್ನು ಯಾರು ಮಾಡಿದರು? ಸ್ವಂತ ಬಲದಿಂದ ಮೇಲೆ ಬಂದವನು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹಿಂದಿನಿಂದ ಕರೆದು ಕರೆದು ಅರ್ಧ ಬೆಲೆಗೆ ಕೊಟ್ಟ ಇವರೂ ನನ್ನನ್ನು ಮೇಲೆ ತಂದಿದ್ದರು.

ಅಕ್ಕ ತನ್ನ ಜಾಗದಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಸಾವ್ಕಾರ್ರ, ಇಲ್ಲಿ ಬಂದು ಕೂಡ್ರಿ," ಎಂದು ಒಂದು ಖಾಲಿ ಬುಟ್ಟಿ ಮಗುಚಿ ಹಾಕಿದಳು. "ನಾಳಿ ಸಾಹೇಬ್ರ ಹತ್ರ ಹೋಗೋದದ. ಅವರ ಕುರ್ಚ್ಯಾಗ ನೀವೇ ಕುಂತೀರಿ ಅಂತ ತಿಳ್ಕೋರಿ. ನಮಗ ಹ್ಯಾಂಗ ಹಿಂಡ್ತೀರಿ?"

ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹುರುಪಿನಿಂದ ಹೇಳಿದೆ: "ಮೊದಲ ಮಧ್ಯಾಹ್ನದ ತನಕ ಹೊರಗ ಕೂಡ್ಸ್ತೀನಿ, ನಿಮ್ಮ ವ್ಯಾಪಾರ ಹಾಳಾಗ್ಲಿ ಅಂತ. ಆಮ್ಯಾಲ ಹತ್ತು ಮಂದಿಗಷ್ಟಾ ಜಾಗ ಕೊಡ್ತೀನಿ ಅಂತೀನಿ. ನೀವು ನೀವೇ ಬಡಿದಾಡ್ತೀರಿ."

"ಅಷ್ಟು ಸಾಕ್ರಿ. ನಾಳಿ ನೀವೂ ಬರ್ರಿ. ಆದ್ರ ಬಾಯಿ ತೆಗೀಬ್ಯಾಡ್ರಿ."

ಮರುದಿನ ಅಕ್ಕ ಸಾಹೇಬರ ಕಚೇರಿಗೆ ನಾಲ್ಕೇ ಮಂದಿಯನ್ನು ಕರೆದುಕೊಂಡು ಬಂದಳು. ಉಳಿದವರು ಇವರ ಬುಟ್ಟಿಗಳನ್ನೂ ನೋಡಿಕೊಂಡು ಮಾರುತ್ತಿದ್ದರು. ಹೊರಗೆ ಕೂಡಿಸಿದರು, ನಿಜ, ಆದರೆ ವ್ಯಾಪಾರ ನಿಲ್ಲಲಿಲ್ಲ. ಒಳಗೆ ಕರೆದು ಸಾಹೇಬರು, ಹತ್ತು ಮಂದಿ ಇಲ್ಲೇ ಇರಿ, ಉಳಿದವರು ಬಯಲಿಗೆ ಹೋಗಲಿ ಎಂದರು. ನಾನಾಗಿದ್ದರೆ ಹತ್ತನ್ನು ಹದಿನೈದು ಮಾಡಿಸಿಕೊಂಡು ಗೆದ್ದೆ ಎನ್ನುತ್ತಿದ್ದೆ. ನಾಲಿಗೆ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಅಕ್ಕ, "ಎಲ್ಲರೂ ಇಲ್ಲೇ, ಸಾಹೇಬ್ರ," ಎಂದು ಸುಮ್ಮನಾದಳು. ಅವರು ಹನ್ನೆರಡು ಎಂದರು, ಹದಿನೆಂಟು ಎಂದರು. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾಲ್ಕು ಸಲ ಹೋಗಿ ಬಂದ ಮೇಲೆ ನಿಲ್ದಾಣದ ಪಕ್ಕದ ಗೋಡೆಗುಂಟ ಜಾಗ ಸಿಕ್ಕಿತು. ಒಬ್ಬೊಬ್ಬರಿಗೆ ಮೊದಲಿನ ಅರ್ಧದಷ್ಟೇ. ಬುಟ್ಟಿಗೆ ಬುಟ್ಟಿ ತಾಗುತ್ತದೆ, ಜಗಳವೂ ಆಗುತ್ತದೆ. ಆದರೆ ಮೂವತ್ತೂ ಮಂದಿ ಅಲ್ಲೇ ಇದ್ದಾರೆ.

ಓದುವವರೇ, ನೀವು ಸಂಘಕ್ಕೋ ಓಣಿಗೋ ಅಣ್ಣತಮ್ಮಂದಿರಿಗೋ ಮುಂದಾಳಾಗಿದ್ದರೆ ನನ್ನದೊಂದು ಸಲಹೆ. ನಿಮ್ಮನ್ನು ಹೊಗಳುವವರನ್ನು ಕೇಳಬೇಡಿ. ನಿಮ್ಮ ಕೈಯಲ್ಲಿ ಹೆಚ್ಚು ಸಲ ಸೋತವರು ಯಾರೆಂದು ನೆನಪು ಮಾಡಿಕೊಂಡು ಅವರಲ್ಲಿಗೆ ಹೋಗಿ, ಒಬ್ಬರೇ ಹೋಗಿ. "ನಾನು ಬರುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನೀವೇನು ಮಾಡುತ್ತೀರಿ?" ಎಂದು ಅವರನ್ನು ಕೇಳಿ. ಉತ್ತರ ಚುಚ್ಚಿದರೂ ಅವತ್ತು ಎದುರು ಮಾತಾಡಬೇಡಿ. ಅವರು ಹೇಳಲು ಹಿಂದೆ ಮುಂದೆ ನೋಡಿದರೆ ಎದ್ದು ಬರಬೇಡಿ. ಎರಡನೆಯ ಚಹಾ ತರಿಸಿ.